ಜನಾರ್ದನನ ಬಲಗೈ

ಬೆಳಿಗ್ಗೆ ಐದೂವರೆಗೆ ಎದ್ದ ಕೂಡಲೇ ಗಂಗಾ ಗಂಡನ ಬಲಗೈ ಮುಟ್ಟಿ ನೋಡುತ್ತಾಳೆ. ಮುಖ ತೊಳೆಯುವುದು, ಒಲೆ ಹಚ್ಚುವುದು ಎಲ್ಲ ಆಮೇಲೆ. ಮಣಿಕಟ್ಟಿನಿಂದ ಸ್ವಲ್ಪ ಮೇಲೆ, ಹಗ್ಗದ ಹಾಗೆ ಉಬ್ಬಿದ ನರದ ಮೇಲೆ ಎರಡು ಬೆರಳು ಇಟ್ಟರೆ ಒಳಗಿನಿಂದ ಒಂದು ನಡುಕ ಬರುತ್ತದೆ. ಓಡುವ ಹೊಲಿಗೆ ಯಂತ್ರದ ಹಲಗೆಗೆ ಕೈ ತಾಗಿಸಿದ ಹಾಗೆ. ಜನಾರ್ದನ ಕಣ್ಣು ತೆರೆಯದೆಯೇ ಕೇಳುತ್ತಾನೆ.

"ಮಿಷನ್ ಓಡ್ತಾ ಉಂಟಾ?"

"ಉಂಟು. ಮಲಗಿ."

ಜನಾರ್ದನ ಸೀತಾಂಗೋಳಿ ಜಂಕ್ಷನ್ನಿನಲ್ಲಿ ಇಪ್ಪತ್ತೇಳು ವರ್ಷ ಟೈಲರ್ ಆಗಿದ್ದವನು. ನಾಲ್ಕು ವರ್ಷದ ಹಿಂದೆ ಅವನ ಎರಡೂ ಕಿಡ್ನಿ ಕೈಕೊಟ್ಟವು. ಸೋಮ, ಬುಧ, ಶುಕ್ರ ಕಾಸರಗೋಡು ಪೇಟೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ದಪ್ಪ ಸೂಜಿ ಚುಚ್ಚುವುದಕ್ಕೆ ಜಾಗ ಬೇಕೆಂದು ಕೈಯ ಎರಡು ನರಗಳನ್ನು ಒಳಗೇ ಕೂಡಿಸಿ ಹೊಲಿದಿದ್ದರು. ಅದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಅದರೊಳಗೆ ರಕ್ತ ಓಡುವ ನಡುಕವನ್ನೇ ಗಂಗಾ ಮುಟ್ಟಿ ನೋಡುವುದು; ಅದು ನಿಂತರೆ ಸೂಜಿಗೆ ಜಾಗವಿಲ್ಲ. ಹೆಚ್ಚಿನವರಿಗೆ ಎಡಗೈಗೆ ಮಾಡುವುದು. ಜನಾರ್ದನ ಎಡಚ, ಕತ್ತರಿ ಹಿಡಿಯುವ ಕೈ ಉಳಿಯಲಿ ಎಂದು ಡಾಕ್ಟರು ಬಲಗೈಗೆ ಮಾಡಿದರು. ಕೈ ಉಳಿಯಿತು, ಕತ್ತರಿ ಹಿಡಿಯುವ ತ್ರಾಣ ಉಳಿಯಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಗಂಗಾ ಹತ್ತಿರದ ಕೈಗಾರಿಕಾ ಘಟಕಗಳ ಕೆಲಸಗಾರರಿಗೆ ಮಧ್ಯಾಹ್ನದ ಊಟದ ಪಾರ್ಸೆಲ್ ಶುರು ಮಾಡಿದಳು. ದಿನಕ್ಕೆ ಅರವತ್ತು ಪಾರ್ಸೆಲ್.

ಹಾಗಾಗಿ ಅವಳ ಅಡುಗೆಮನೆಯಲ್ಲಿ ಎರಡು ಅಡುಗೆ. ಹಂಡೆಯಂಥ ದೊಡ್ಡ ಚರಿಗೆಯಲ್ಲಿ ಊರಿಗೆ. ಸಣ್ಣ ಪಾತ್ರೆಯಲ್ಲಿ ಗಂಡನಿಗೆ: ತರಕಾರಿ ಬೇಯಿಸಿ, ನೀರು ಚೆಲ್ಲಿ, ಮತ್ತೆ ಬೇಯಿಸಿ, ಉಪ್ಪು ಬೆರಳ ತುದಿಯಲ್ಲಿ. ಕುಡಿಯಲು ದಿನಕ್ಕೆ ಒಂದು ಬಾಟಲಿ ನೀರು. ಎಳನೀರು ಕಣ್ಣಿಗೂ ಕಾಣಬಾರದು.

"ಇದು ಬಸಳೆಯಾ, ಬಸಳೆ ತೊಳೆದ ನೀರಾ?" ಎಂದು ಜನಾರ್ದನ ಕೇಳುತ್ತಿದ್ದ.

"ನೀರು ಚೆಲ್ಲಿದ್ದೇನೆ. ಅದು ಬಸಳೆಯೇ," ಎನ್ನುತ್ತಿದ್ದಳು ಗಂಗಾ.

ಮಗಳು ಶ್ರೀರಂಜಿನಿ ಸರಕಾರಿ ಸೀಟಿನಲ್ಲಿ ಎಂಬಿಬಿಎಸ್ ಮುಗಿಸಿ, ಒಂದು ವರ್ಷ ಮನೆಯಲ್ಲಿ ಕೂತು ಮುಂದಿನ ಪರೀಕ್ಷೆಗೆ ಓದಿದ್ದಳು. ಒಳ್ಳೆಯ ರ‍್ಯಾಂಕ್ ಬಂತು. ಅಕ್ಕಪಕ್ಕಕ್ಕೆ ಪಾಯಸ ಹಂಚಿಯೂ ಆಯಿತು. ತಕರಾರು ಶುರುವಾದದ್ದು ಅದರ ನಂತರ.

ಒಂದು ಮಧ್ಯಾಹ್ನ, ಪಾರ್ಸೆಲ್ ಹೋದ ಮೇಲೆ, ಉಳಿದದ್ದನ್ನು ಬಡಿಸಿಕೊಂಡು ಐವರೂ ಕೂತಿದ್ದರು. ಜನಾರ್ದನನ ತಾಯಿ ಪಂಕಜಾಕ್ಷಿ ಕೇಳಿದಳು.

"ಕಡೆಗೆ ಎಂತ ಡಾಕ್ಟರ್ ಆಗುದು ನೀನು?"

"ರೇಡಿಯಾಲಜಿ, ಅಜ್ಜಿ."

"ಫೋಟೋ ತೆಗೆಯುದಾ? ಅದಕ್ಕೆ ಇಷ್ಟು ಓದ್ಬೇಕಾ? ನಮ್ಮ ಜಂಕ್ಷನ್ನಿನ ಸ್ಟುಡಿಯೋದವನು ಎಸ್ಸೆಸ್ಸೆಲ್ಸಿ ಸಹ ಪಾಸಾಗ್ಲಿಲ್ಲ."

ಶಶಾಂಕ ನಕ್ಕು ಅನ್ನ ಗಂಟಲಲ್ಲಿ ಸಿಕ್ಕಿಸಿಕೊಂಡ. ಅವನು ಶ್ರೀರಂಜಿನಿಯ ತಮ್ಮ. ಒಂದು ಪ್ಲೈವುಡ್ ಘಟಕದಲ್ಲಿ ಸಂಜೆ ಆರಕ್ಕೆ ಶುರುವಾಗುವ ರಾತ್ರಿ ಪಾಳಿ. ಬೆಳಿಗ್ಗೆ ಆರಕ್ಕೆ ಬಂದವನು ಸ್ನಾನ ಮಾಡಿ, ಅಪ್ಪನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಿ, ಅಲ್ಲಿಯ ಬೆಂಚಿನಲ್ಲಿ ನಿದ್ದೆ ಮಾಡುವವನು.

"ಬರೀ ಫೋಟೋ ಅಲ್ಲ ಅಜ್ಜಿ," ಎಂದಳು ಶ್ರೀರಂಜಿನಿ. "ಹೋದ ವರ್ಷ ಅಪ್ಪನ ಕೈಯ ನರ ಸಪೂರ ಆದಾಗ ಮಂಗಳೂರಿನ ಡಾಕ್ಟರ್ ಎಂತ ಮಾಡಿದ್ರು? ಒಂದು ಸೂಜಿ ಚುಚ್ಚಿ, ಅದರೊಳಗಿಂದ ತಂತಿ ಹಾಕಿ, ಪರದೆಯಲ್ಲಿ ನೋಡ್ತಾ ಬಲೂನ್ ಬಿಡಿಸಿ ಸರಿ ಮಾಡಿದ್ರು. ಒಂದು ಹೊಲಿಗೆ ಹಾಕಲಿಲ್ಲ. ನಾನು ಗಾಜಿನ ಹಿಂದೆ ನಿಂತು ನೋಡಿದ್ದೇನೆ. ಅದು ಮಾಡುವವರು ರೇಡಿಯಾಲಜಿಯವರೇ. ಇಂಟರ್‌ವೆನ್ಷನಲ್ ರೇಡಿಯಾಲಜಿ."

"ಸೂಜಿಯೊಳಗಿಂದ ದಾರ," ಎಂದ ಜನಾರ್ದನ. "ನಮ್ಮದೇ ಕಸುಬು."

"ಎಷ್ಟು ವರ್ಷ?" ಗಂಗಾ ಕೇಳಿದಳು.

"ರೇಡಿಯಾಲಜಿ ಮೂರು. ಆಮೇಲೆ ಇನ್ನೊಂದು ಪರೀಕ್ಷೆ ಬರೆದು ಇದು ಮೂರು."

"ಆರು! ಎಕ್ಸ್‌ರೇ ತಾಗಿ ತಾಗಿ ಮಕ್ಕಳಾಗುದಿಲ್ಲಂತೆ," ಎಂದಳು ಪಂಕಜಾಕ್ಷಿ.

"ಸೀಸದ ಅಂಗಿ ಹಾಕ್ತಾರೆ ಅಜ್ಜಿ."

"ಅದನ್ನು ಯಾರು ಹೊಲಿಯುದು?" ಎಂದ ಜನಾರ್ದನ. ಆ ದಿನ ಎಲ್ಲರೂ ನಕ್ಕರು. ಒಟ್ಟಿಗೆ ನಕ್ಕದ್ದು ಅದೇ ಕಡೆಯ ಸಲ.

ಅವಳ ರ‍್ಯಾಂಕಿಗೆ ಎರಡು ಕಡೆ ಸೀಟು ಸಿಗುವ ಹಾಗಿತ್ತು. ಒಂದು ಮಂಗಳೂರಿನ ಆಸ್ಪತ್ರೆ, ಬಸ್ಸಿನಲ್ಲಿ ಒಂದೂವರೆ ಗಂಟೆ. ಇನ್ನೊಂದು ಉತ್ತರದ ಸರಕಾರಿ ಕಾಲೇಜು, ರೈಲಿನಲ್ಲಿ ಎರಡು ರಾತ್ರಿ. ಅಲ್ಲಿ ಅವಳಿಗಿಂತ ಎರಡು ವರ್ಷ ಹಿರಿಯ ವಿಜೇತ್ ಎಂಬವನು ಓದುತ್ತಿದ್ದ. ಒಂದು ಸಂಜೆ ಅವನಿಗೆ ಫೋನ್ ಮಾಡಿ, ಅಮ್ಮನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದಳು. ಗಂಗಾ ಮರುದಿನದ ತೆಂಗಿನಕಾಯಿ ತುರಿಯುತ್ತಿದ್ದಳು.

"ಮಂಗಳೂರು ಕೆಟ್ಟದ್ದಂತ ಅಲ್ಲ ಮಾರಾಯ್ತಿ," ಎಂದ ವಿಜೇತ್. "ಅಲ್ಲಿ ರಿಪೋರ್ಟ್ ಬರೆಯಲು ಚೆನ್ನಾಗಿ ಕಲಿಸ್ತಾರೆ. ಈ ತಂತಿ ಹಾಕುವ ಕೆಲಸ ಮಾಡುವವರು ಅಲ್ಲಿ ಒಬ್ಬರೇ, ಹೊರಗಿಂದ ಬಂದು ಹೋಗುದು. ನಿಂಗೆ ನೋಡ್ಲಿಕ್ಕೆ ಸಿಗ್ತದೆ, ಮಾಡ್ಲಿಕ್ಕೆ ಇಲ್ಲ. ಇಲ್ಲಿ ದಿನಕ್ಕೆ ಹತ್ತು ಹನ್ನೆರಡು ಕೇಸ್. ಮೊದಲ ವರ್ಷವೇ ಎದುರು ನಿಲ್ಲಿಸ್ತಾರೆ. ತಂತಿ ಎಲ್ಲಿ ಹೋಗ್ತಾ ಉಂಟು ಅಂತ ಬೆರಳಿಗೆ ಗೊತ್ತಾಗ್ಬೇಕಲ್ವಾ, ಅದು ಪುಸ್ತಕದಲ್ಲಿ ಬರುದಿಲ್ಲ."

"ಕಷ್ಟ ಉಂಟಾ ಮಗಾ?" ಗಂಗಾ ನಡುವೆ ಕೇಳಿದಳು.

"ಸೊಂಟ ಹೋಗ್ತದೆ ಆಂಟಿ. ಆ ಸೀಸದ ಅಂಗಿ ಏಳೆಂಟು ಕಿಲೋ. ರಜೆ ಕೇಳ್ಬಾರ್ದು. ಯಾರದ್ದಾದ್ರೂ ರಕ್ತ ಹೋಗ್ತಾ ಉಂಟು ಅಂದ್ರೆ ಊಟ ಬಿಟ್ಟು ಓಡ್ಬೇಕು. ಮನೆಯಲ್ಲಿ ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ..."

ಶ್ರೀರಂಜಿನಿ ಸ್ಪೀಕರ್ ತೆಗೆದಳು.

ಮರುದಿನ ಗಂಜಿಯ ಎದುರು ಶಶಾಂಕ ಬಾಯಿಬಿಟ್ಟ.

"ಅಲ್ಲಿಗೆ ಹೋಗುದಾದ್ರೆ ಹೋಗು. ನಾನು ಮಾತ್ರ ಆರು ವರ್ಷ ಆ ಬೆಂಚಿನಲ್ಲಿ ಮಲಗುದಾ? ನಮ್ಮ ಕಂಪೆನಿಯ ಹೊಸ ಘಟಕಕ್ಕೆ ನನ್ನನ್ನು ಸೂಪರ್‌ವೈಸರ್ ಮಾಡ್ತೇವೆ ಅಂದ್ರು. ಪಾಲಕ್ಕಾಡಿಗೆ ಹೋಗ್ಬೇಕಿತ್ತು. ನಾನು ಆಗುದಿಲ್ಲ ಅಂದೆ. ಯಾರಿಗಾದ್ರೂ ಹೇಳಿದ್ದೇನಾ?"

"ಹೇಳ್ಬೇಕಿತ್ತು," ಎಂದಳು ಶ್ರೀರಂಜಿನಿ.

"ಹೇಳಿದ್ರೆ ನೀನೆಂತ ಮಾಡ್ತಿದ್ದಿ? ಪುಸ್ತಕ ಮಡಚಿ ಬರ್ತಿದ್ಯಾ?"

"ಶಶೂ, ಸಾಕು," ಎಂದಳು ಗಂಗಾ.

"ನನಗೆ ಸಾಕು ಹೇಳು. ಅವಳಿಗೆ ಚಟ್ನಿ ಬಡಿಸು."

ಅವನು ಬಟ್ಟಲು ದೂಡಿ ಎದ್ದ. ಶ್ರೀರಂಜಿನಿ ತಮ್ಮನ ಬಟ್ಟಲನ್ನೂ ತೆಗೆದುಕೊಂಡು ಹೋಗಿ ತೊಳೆದಳು. ತೊಳೆಯುತ್ತ ತಾಯಿಗೆ ಹೇಳಿದಳು:

"ದೂರದ್ದನ್ನೇ ಮೊದಲು ಬರೆಯುದು ಅಂತ ಉಂಟು ಅಮ್ಮ. ಆದ್ರೆ ಅಪ್ಪನಿಗೆ ಒಂದು ಚೂರು ಹೆಚ್ಚುಕಡಿಮೆ ಆದ್ರೂ ನಾನು ಮಂಗಳೂರೇ ಬರೆಯುದು. ಅದರಲ್ಲಿ ಎರಡು ಮಾತಿಲ್ಲ. ಮತ್ತೆ ಅಪ್ಪನ ಕೈ ನಿಂತ್ರೆ ಕೂಡಲೇ ಹೇಳ್ಬೇಕು. ಗಂಟೆ ಗಂಟೆಗೂ ಒಳಗೆ ರಕ್ತ ಗಟ್ಟಿ ಆಗ್ತಾ ಹೋಗ್ತದೆ."

"ಆಯ್ತು," ಎಂದಳು ಗಂಗಾ. ಎರಡು ಮಾತನ್ನೂ ಅವಳು ಮರೆಯಲಿಲ್ಲ.

ಆಯ್ಕೆಪಟ್ಟಿಯನ್ನು ಕಂಪ್ಯೂಟರಿನಲ್ಲಿ ಬರೆದು ಲಾಕ್ ಮಾಡಲು ಶನಿವಾರ ಸಂಜೆ ಐದು ಗಂಟೆ ಕಡೆಯ ಗಡುವು. ಒಮ್ಮೆ ಲಾಕ್ ಮಾಡಿದರೆ ಯಾರು ಬಂದರೂ ಬದಲಾಗುವುದಿಲ್ಲ. ಶುಕ್ರವಾರ ಸಂಜೆ ಪಂಕಜಾಕ್ಷಿ ದೇವಸ್ಥಾನಕ್ಕೆ ಹೋಗಿ ಮೊಮ್ಮಗಳ ಸೀಟಿಗೂ ಮಗನ ಆರೋಗ್ಯಕ್ಕೂ ಸೇರಿಸಿ ಒಂದು ಪೂಜೆ ಮಾಡಿಸಿ, ಮಂತ್ರಿಸಿದ ಕೆಂಪು ನೂಲು ತಂದಳು. ಹೆಂಗಸರಿಗೆ ಎಡಗೈ, ಗಂಡಸರಿಗೆ ಬಲಗೈ. ಶ್ರೀರಂಜಿನಿ ಗೆಳತಿಯ ಮನೆಗೆ ಪ್ರಿಂಟರ್ ಹುಡುಕಿಕೊಂಡು ಹೋಗಿದ್ದಳು. ಗಂಗಾ ಹಿತ್ತಲಲ್ಲಿ ಚರಿಗೆ ತಿಕ್ಕುತ್ತಿದ್ದಳು. ಆ ದಿನದ ಡಯಾಲಿಸಿಸ್ ಮುಗಿಸಿ ಬಂದ ಜನಾರ್ದನ ಬಿಪಿ ಇಳಿದು ಬಸವಳಿದು ಮಲಗಿದ್ದ. ತಾಯಿ ಅವನ ಬಲಗೈ ಎತ್ತಿದಳು. ಮಣಿಕಟ್ಟಿನಲ್ಲಿ ಹಳೆಯ ಗಾಯದ ಗುರುತು ಇತ್ತು. ನೋವಾಗಬಾರದೆಂದು ನಾಲ್ಕು ಬೆರಳು ಮೇಲೆ ನೂಲು ಸುತ್ತಿ, ಜಾರದ ಹಾಗೆ ಬಿಗಿದು, ಮೂರು ಗಂಟು ಹಾಕಿದಳು. ಮಗನ ಹಣೆ ಸವರಿ ಎದ್ದಳು.

ಬೆಳಿಗ್ಗೆ ಐದೂವರೆಗೆ ಗಂಗಾ ಬೆರಳಿಟ್ಟಾಗ ನೂಲು ಸಿಕ್ಕಿತು. ನೂಲಿನ ಕೆಳಗೆ ಕೈ ಊದಿತ್ತು. ನರ ಗಟ್ಟಿಯಾಗಿ, ಒಣಗಿದ ಬಳ್ಳಿಯ ಹಾಗಿತ್ತು. ನಡುಕ ಇರಲಿಲ್ಲ.

"ಮಿಷನ್ ಓಡ್ತಾ ಉಂಟಾ?" ಎಂದ ಜನಾರ್ದನ.

ಗಂಗಾ ಎದ್ದಳು. ಮೇಜಿನ ಖಾನೆಯಿಂದ ಅವನ ಕತ್ತರಿ ತಂದಳು. ಎಡಚರ ಕತ್ತರಿ, ಅವಳ ಕೈಗೆ ಒಗ್ಗುವುದಿಲ್ಲ. ಎರಡು ಸಲ ಜಾರಿ, ಮೂರನೆಯ ಸಲ ನೂಲು ತುಂಡಾಯಿತು. ಕೈ ಉಜ್ಜಿದಳು. ಬಿಸಿನೀರಿನ ಬಟ್ಟೆ ಇಟ್ಟಳು. ಕಿವಿ ಹಚ್ಚಿ ಕೇಳಿದಳು.

"ನಿಂತಿದೆ," ಎಂದಳು. "ರಂಜಿನಿಯನ್ನು ಎಬ್ಬಿಸ್ತೇನೆ."

ಜನಾರ್ದನ ಎಡಗೈಯಲ್ಲಿ ಅವಳ ಸೆರಗು ಹಿಡಿದ.

"ಇವತ್ತು ಶನಿವಾರ ಅಲ್ವಾ? ಅವಳು ಲಾಕ್ ಮಾಡುವವರೆಗೆ ಬಾಯಿ ಬಿಡ್ಬೇಡ."

"ನಿಮಗೆ ಮರುಳಾ? ಗಂಟೆ ಗಂಟೆಗೂ ಗಟ್ಟಿ ಆಗ್ತದಂತೆ."

"ನನ್ನದು ಇವತ್ತಲ್ಲದಿದ್ರೆ ಬರುವ ವರ್ಷ ನಿಲ್ತದೆ. ಅವಳದ್ದು ಇದೊಂದೇ ದಿನ. ಈಗ ಹೇಳಿದ್ರೆ ಅವಳು ಮಂಗಳೂರು ಬರೀತಾಳೆ. ಆಮೇಲೆ ಜೀವಮಾನ ಇಡೀ ನನ್ನ ಕೈ ನೋಡ್ತಾ ಕೂತ್ಕೊಳ್ತಾಳೆ."

ಹೊರಗೆ ಶಶಾಂಕನ ಬೈಕ್ ಬಂದ ಸದ್ದಾಯಿತು.

"ಉದ್ದ ಕೈಯ ಅಂಗಿ ಕೊಡು," ಎಂದ ಜನಾರ್ದನ.

ಅವಳು ಕೊಟ್ಟಳು. ನೂಲನ್ನು ಒಲೆಗೆ ಹಾಕಿದಳು.

ಏಳೂವರೆಗೆ ಮಗಳು ಚಾ ಲೋಟ ಹಿಡಿದು ಕೇಳಿದಳು. "ಅಪ್ಪನ ಕೈ ನೋಡಿದ್ಯಾ?"

"ನೋಡಿದೆ."

"ಓಡ್ತಾ ಉಂಟಾ?"

"ಉಂಟು. ನೀನು ಬೇಗ ಲಾಕ್ ಮಾಡು ಮಾರಾಯ್ತಿ. ಕರೆಂಟ್ ಹೋದ್ರೆ?"

"ಸಂಜೆವರೆಗೆ ಉಂಟಲ್ಲ. ಯೋಚನೆ ಮಾಡ್ತೇನೆ."

ಹತ್ತಕ್ಕೆ ಗಂಗಾ ಮತ್ತೆ ಹೇಳಿದಳು. ಹನ್ನೊಂದಕ್ಕೆ ಹೇಳಿದಳು. ಶ್ರೀರಂಜಿನಿ ಪಟ್ಟಿಯಲ್ಲಿ ಮಂಗಳೂರನ್ನು ಮೇಲೆ ತರುವಳು, ಕೆಳಗೆ ಹಾಕುವಳು. ಗಂಗಾ ಅರವತ್ತು ಪಾರ್ಸೆಲ್ ಕಟ್ಟಿದಳು. ಸಾಂಬಾರಿಗೆ ಎರಡು ಸಲ ಉಪ್ಪು ಬಿದ್ದು, ಜೀವಮಾನದಲ್ಲಿ ಮೊದಲ ಸಲ ಒಂದು ಚರಿಗೆ ಸಾಂಬಾರು ಹಿತ್ತಲ ತೋಡಿನ ನೀರಿಗೆ ಚೆಲ್ಲಿ ಹೊಸತು ಮಾಡಿದಳು.

"ಅಮ್ಮ, ನಿನಗೆಂತ ಆಗಿದೆ? ನನಗಿಂತ ಹೆಚ್ಚು ನಿನಗೇ ಹೆದರಿಕೆ," ಎಂದು ಮಗಳು ನಕ್ಕಳು.

"ಒತ್ತು ಅದನ್ನು. ಒಮ್ಮೆ ಒತ್ತಿಬಿಡು."

ನಾಲ್ಕು ಗಂಟೆಗೆ ಮಗಳು ತಂದೆಯ ಹತ್ತಿರ ಹೋಗಿ ಕೇಳಿದಳು. "ಅಪ್ಪ, ದೂರ ಆಗ್ತದೆ. ಹೋಗ್ಲಾ?"

"ಹೋಗು," ಎಂದ ಜನಾರ್ದನ. ಬಲಗೈ ಹೊದಿಕೆಯ ಕೆಳಗಿತ್ತು.

ಅವಳು ಒತ್ತಿದಳು. ಪರದೆಯ ಮೇಲೆ ಬೀಗದ ಗುರುತು ಬಂತು. ಗಂಗಾ ಒಳಗೆ ಹೋಗಿ, ಬಂದು, ಕೈ ಒರೆಸುತ್ತ ಹೇಳಿದಳು.

"ರಂಜಿನಿ, ಅಪ್ಪನ ಕೈ ನೋಡು. ಮಧ್ಯಾಹ್ನ ಇತ್ತು. ಈಗ ಸಿಗುದಿಲ್ಲ."

ಹೋದ ವರ್ಷ ಬಲೂನ್ ಹಾಕಿದ ಡಾಕ್ಟರಿಗೆ ಶ್ರೀರಂಜಿನಿಯೇ ಫೋನ್ ಮಾಡಿದಳು. ಅವರು ಬೇರೆ ಊರಿಗೆ ಹೊರಟಿದ್ದವರು ಭಾನುವಾರ ಬೆಳಿಗ್ಗೆ ವಾಪಸು ಬಂದರು. ಎರಡು ಗಂಟೆ ಪ್ರಯತ್ನಿಸಿದರು. ತಂತಿ ಮುಂದೆ ಹೋಗಲಿಲ್ಲ. ಹೊರಗೆ ಬಂದಾಗ ಬೆವರಿನಿಂದ ಅಂಗಿ ಮೈಗೆ ಅಂಟಿತ್ತು.

"ಎಷ್ಟು ಗಂಟೆಗೆ ನಿಂತದ್ದು?"

"ನಿನ್ನೆ ಸಂಜೆ ನಾಲ್ಕು," ಎಂದಳು ಗಂಗಾ.

"ಅಷ್ಟಕ್ಕೆ ಇಷ್ಟು ಗಟ್ಟಿ ಆಗುವುದು ಕಡಿಮೆ," ಎಂದರು ಡಾಕ್ಟರು. "ನಿಮ್ಮ ಗ್ರಹಚಾರ ನೋಡಿ. ನಿನ್ನೆ ಮಧ್ಯಾಹ್ನ ಎರಡರವರೆಗೆ ನಾನು ಇದೇ ರೂಮಿನಲ್ಲಿದ್ದೆ."

ಎಡಗೈಯ ನರಗಳು ಮೊದಲೇ ಡ್ರಿಪ್ಪಿನ ಸೂಜಿ ಚುಚ್ಚಿ ಚುಚ್ಚಿ ಹಾಳಾಗಿದ್ದವು. ಹೊಸ ಫಿಸ್ಟುಲಾಕ್ಕೆ ಜಾಗವಿರಲಿಲ್ಲ. ಡಯಾಲಿಸಿಸ್‌ಗೆಂದು ಕುತ್ತಿಗೆಯ ಬುಡದಲ್ಲಿ ಟ್ಯೂಬು ಇಟ್ಟು ಕಳಿಸಿದರು. ನೀರು ತಾಗಿಸಬಾರದು, ಜ್ವರ ಬಂದರೆ ತಡಮಾಡಬಾರದು ಎಂದು ಶ್ರೀರಂಜಿನಿ ಮನೆಯವರಿಗೆಲ್ಲ ಎರಡೆರಡು ಸಲ ಹೇಳಿದಳು.

ಮನೆಗೆ ಬಂದ ಮೇಲೆ ಪಂಕಜಾಕ್ಷಿ ಮಗನ ಬರಿಗೈ ನೋಡಿದಳು.

"ನೂಲು ಎಲ್ಲಿ?"

ಅವಳು ಕೈ ತಿರುಗಿಸಿ ನೋಡಿ ಮತ್ತೆ ಕೇಳಿದಳು.

"ನಾನು ಕಟ್ಟಿದ ನೂಲು ಯಾರು ತೆಗೆದದ್ದು?"

"ನಾನು, ಅತ್ತೆ," ಎಂದಳು ಗಂಗಾ. "ಸ್ನಾನಕ್ಕೆ ಅಡ್ಡ ಆಗ್ತಿತ್ತು."

"ಅಡ್ಡ ಆಗ್ತಿತ್ತಾ? ದೇವರ ಎದುರು ಇಟ್ಟು ತಂದ ನೂಲು! ಅದಕ್ಕೇ ಹೀಗಾದದ್ದು. ಕಟ್ಟಿದ ಒಂದೇ ದಿನಕ್ಕೆ ಕತ್ತರಿಸಿದೆಯಲ್ಲ, ನೀನು ಹೆಂಗಸಾ?"

ಶ್ರೀರಂಜಿನಿ ತಲೆ ಎತ್ತಿದಳು. "ಯಾವ ನೂಲು? ಯಾವ ಕೈಗೆ?"

"ಎಡಗೈಗೆ," ಎಂದ ಜನಾರ್ದನ ಹಾಸಿಗೆಯಿಂದ.

"ಬಲಗೈಗೆ ಅಲ್ವಾ? ನಾನು..." ಎಂದು ಶುರುಮಾಡಿದ ತಾಯಿಗೆ, "ಅಮ್ಮ, ನಿನಗೆ ಮರೆತಿದೆ. ಎಡಗೈಗೆ," ಎಂದ. ಎಪ್ಪತ್ತೊಂಬತ್ತು ವರ್ಷದ ಪಂಕಜಾಕ್ಷಿ ತನ್ನ ಕೈಗಳನ್ನು ಮುಂದೆ ಹಿಡಿದು ಯಾವುದು ಯಾವುದೆಂದು ಲೆಕ್ಕ ಹಾಕಿದಳು. ಆಮೇಲೆ ಸೊಸೆಯೊಡನೆ ಹದಿನೈದು ದಿನ ಮಾತು ಬಿಟ್ಟಳು. ಗಂಗಾ ಬಡಿಸಿದ್ದನ್ನು ಉಂಡು, ನೀರು ಬೇಕಾದರೆ ಗೋಡೆಗೆ ಹೇಳುತ್ತಿದ್ದಳು. ಬೈಗುಳ ತನ್ನ ಮೇಲೇ ಇರಲಿ, ಮುದುಕಿಗೆ ನಿಜ ಗೊತ್ತಾದರೆ ಅನ್ನ ಬಿಡುತ್ತಾಳೆ ಎಂದು ಗಂಗಾ ಸುಮ್ಮನಿದ್ದಳು.

ಸೀಟು ಹಂಚಿದ ಪಟ್ಟಿ ಬಂತು. ದೂರದ ಕಾಲೇಜೇ ಸಿಕ್ಕಿತ್ತು. ಸೇರಲು ಒಂದು ವಾರ.

"ನಾನು ಹೋಗುದಿಲ್ಲ," ಎಂದಳು ಶ್ರೀರಂಜಿನಿ. "ಬರುವ ವರ್ಷ ಮತ್ತೆ ಬರೀತೇನೆ."

"ಬರೆದು ಎಂತ ಮಾಡುದು? ನನ್ನ ಟ್ಯೂಬು ಕಾಯುದಾ?" ಜನಾರ್ದನ ಮೊದಲ ಬಾರಿ ಮಗಳ ಮೇಲೆ ದನಿ ಏರಿಸಿದ. "ಈ ಕೈಯನ್ನು ಸರಿ ಮಾಡುವವರು ನಮ್ಮ ಕಡೆ ಒಬ್ಬರೇ ಇದ್ದದ್ದು. ನೀನು ಕಲಿತು ಬಂದ್ರೆ ಇಬ್ಬರಾಗ್ತಾರೆ. ಹೋಗು."

ಅವಳು ತಿರುಗಿ ತಮ್ಮನನ್ನು ನೋಡಿದಳು. ಶಶಾಂಕ ಬೂಟಿನ ಲೇಸು ಕಟ್ಟುತ್ತಿದ್ದ.

"ನನ್ನ ಮುಖ ಎಂತ ನೋಡುದು? ಪಾಲಕ್ಕಾಡಿನ ಕೆಲಸಕ್ಕೆ ಬೇರೆಯವರು ಬಂದಾಯ್ತು. ಬೆಂಚು ಹೇಗೂ ಉಂಟು. ಬ್ಯಾಗ್ ಕೊಡು, ಸ್ಟೇಷನ್ನಿಗೆ ಬಿಡ್ತೇನೆ."

ಅವಳು ಹೋದ ಮೂರನೆಯ ವಾರ ಜನಾರ್ದನನಿಗೆ ಟ್ಯೂಬಿನಿಂದ ನಂಜಾಗಿ ಒಂಬತ್ತು ದಿನ ಆಸ್ಪತ್ರೆ. ಟ್ಯೂಬನ್ನು ಆಚೆ ಬದಿಗೆ ಬದಲಾಯಿಸಿದರು. ಇನ್ನು ಬದಲಾಯಿಸಲು ಹೆಚ್ಚು ಜಾಗಗಳಿಲ್ಲ ಎಂದರು. ಮನೆಗೆ ಬಂದಾಗ ಅವನ ಅಂಗಿ ಗೂಟಕ್ಕೆ ಹಾಕಿದ ಹಾಗೆ ಕಾಣುತ್ತಿತ್ತು. ಗಂಗಾ ಸಣ್ಣ ಪಾತ್ರೆಯನ್ನು ಬಿಟ್ಟು ಅದಕ್ಕಿಂತ ಸಣ್ಣದನ್ನು ಒಲೆಗಿಟ್ಟಳು. ಬೆಳಿಗ್ಗೆ ಐದೂವರೆಗೆ ಅಭ್ಯಾಸಬಲದಿಂದ ಅವಳ ಬೆರಳು ಇನ್ನೂ ಬಲಗೈಗೆ ಹೋಗುತ್ತಿತ್ತು. ಅವನು ಮಾತ್ರ ಕೇಳುವುದನ್ನು ನಿಲ್ಲಿಸಿದ್ದ.

ಒಂದು ಸಂಜೆ ಶ್ರೀರಂಜಿನಿಯ ಫೋನ್ ಬಂತು. ದನಿ ಒಣಗಿತ್ತು, ಆದರೂ ಒಳಗೆ ಏನೋ ಉತ್ಸಾಹ.

"ಅಮ್ಮ, ಇವತ್ತು ಸರ್ ನನ್ನ ಕೈಗೆ ತಂತಿ ಕೊಟ್ರು. ಅಪ್ಪನ ಹಾಗೇ ಒಬ್ಬರು, ಕೈ ನಿಂತು ಬಂದದ್ದು. ಬೆಳಿಗ್ಗೆ ನಿಂತದ್ದು, ಮಧ್ಯಾಹ್ನಕ್ಕೆ ನಾವು ಬಿಡಿಸಿದೆವು. ಬೆರಳಿಟ್ಟು ನೋಡಿದೆ. ಓಡ್ತಾ ಇತ್ತು."

"ಒಳ್ಳೆಯದಾಯ್ತು ಮಗಾ."

ಆ ಕಡೆ ಬಾಗಿಲು ಹಾಕಿದ ಸದ್ದಾಯಿತು.

"ಅಮ್ಮ, ಅಪ್ಪನದ್ದು ಎಷ್ಟು ಗಂಟೆಗೆ ನಿಂತದ್ದು?"

"ಹೇಳಿದ್ದೇನಲ್ಲ. ಸಂಜೆ ನಾಲ್ಕು."

"ಇಲ್ಲಿ ಬರುವವರೂ ಎಲ್ಲ ಹಾಗೇ ಹೇಳುದು. ಈಗಷ್ಟೇ ನಿಂತದ್ದು ಅಂತ. ಬೈತಾರೆ ಅಂತ ಹೆದರಿಕೆ ಅವರಿಗೆ. ಮನೆಯವರು ಹೇಳಿದ ಗಂಟೆಯಿಂದ ಅರ್ಧ ದಿನ ಹಿಂದೆ ಹೋಗಿ ಬರೆಯಿರಿ ಅಂತ ಸರ್ ಮೊದಲ ವಾರವೇ ಹೇಳಿಕೊಟ್ಟಿದ್ದಾರೆ. ನಾನು ಹಿಂದೆ ಹೋಗಿ ನೋಡಿದೆ ಅಮ್ಮ. ಬೆಳಿಗ್ಗೆ ಆಗ್ತದೆ. ನೀನು ಕೈ ನೋಡುವ ಹೊತ್ತು."

ಒಲೆಯ ಮೇಲೆ ಅನ್ನ ಉಕ್ಕಿ ಬೆಂಕಿಗೆ ಬಿತ್ತು.

"ಅಪ್ಪನಿಗೆ ಇವತ್ತು ಜ್ವರ ಉಂಟಾ?"

"ಮೈ ಸ್ವಲ್ಪ ಬೆಚ್ಚಗೆ ಉಂಟು."

"ನೂರು ದಾಟಿದ್ರೆ ಶಶಾಂಕನಿಗೆ ಹೇಳು. ಆಗಲೇ ಹೇಳು. ಯಾರಿಗಾಗಿಯೂ ಕಾಯ್ಬೇಡ." ಫೋನ್ ಇಟ್ಟಳು.

ಗಂಗಾ ಒಳಗೆ ಬಂದಳು. ಜನಾರ್ದನ ಗೋಡೆಗೆ ಒರಗಿ ಕೂತಿದ್ದ.

"ಎಂತ ಅಂತೆ?"

"ಅವಳಿಗೆ ಗೊತ್ತಾಗಿದೆ."

ಅವನು ಬಲಗೈಯನ್ನು ಮಡಿಲಿಗೆ ಎಳೆದುಕೊಂಡ.

"ಬೈದಳಾ?"

"ಇಲ್ಲ."

"ಬೈಬೇಕಿತ್ತು," ಎಂದ ಜನಾರ್ದನ.

ಗಂಗಾ ಥರ್ಮಾಮೀಟರ್ ಅವನ ಕಂಕುಳಲ್ಲಿ ಇಟ್ಟು, ನೆಲದಲ್ಲಿ ಕೂತು ಕಾದಳು. ತೆಗೆದು ದೀಪದ ಕೆಳಗೆ ಹಿಡಿದಳು. ನೂರಾ ಒಂದೂವರೆ. ಅವನು ಏನೋ ಹೇಳಲು ಬಾಯಿ ತೆರೆದ. ನಾಳೆ ನೋಡುವ ಎಂದೋ, ಶಶಾಂಕನಿಗೆ ಪಾಳಿ ಉಂಟು ಎಂದೋ. ಅವಳು ಕೇಳಿಸಿಕೊಳ್ಳದೆ ನಂಬರ್ ಒತ್ತಿದಳು.

"ಶಶೂ, ಕೆಲಸ ಬಿಟ್ಟು ಬಾ. ಅಪ್ಪನಿಗೆ ಜ್ವರ," ಎಂದಳು. ಗೋಡೆಯ ಗಡಿಯಾರ ನೋಡಿದಳು. "ಆರೂ ಇಪ್ಪತ್ತಕ್ಕೆ ನೋಡಿದ್ದು. ಡಾಕ್ಟರ್ ಕೇಳಿದ್ರೆ ಹಾಗೇ ಹೇಳು. ಆರೂ ಇಪ್ಪತ್ತು."